ಕುದೂರಿನ ತಾಯಿಯ ವಿಮಾನಯಾನ

ಮಾಗಡಿ ತಾಲ್ಲೂಕಿನ ಕುದೂರು ಒಂದು ಹೋಬಳಿ ಕೇಂದ್ರ. ಊರಿಗೆ ಕಾವಲು ನಿಂತಂತೆ ಸಮೀಪದಲ್ಲೇ ಭೈರವನದುರ್ಗದ ಬೆಟ್ಟವಿದೆ. ಬೋಳು ಬಂಡೆಯ ಆ ಬೆಟ್ಟದ ಮೇಲಿರುವ ಹಳೆಯ ಕೋಟೆಯ ಗೋಡೆಗಳನ್ನು ಮಾಗಡಿ ಕೆಂಪೇಗೌಡರ ವಂಶದವರ ಹೆಸರಿನೊಡನೆ ಸೇರಿಸಿ ಹೇಳುವುದು ಆ ಸೀಮೆಯ ವಾಡಿಕೆ. ಊರಿನ ಬಸ್ಸು ನಿಲ್ದಾಣದಲ್ಲಿ ನಿಂತರೆ ಮಾಗಡಿಗೂ ತುಮಕೂರಿಗೂ ಬೆಂಗಳೂರಿಗೂ ಬಸ್ಸು ಸಿಗುತ್ತದೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ. ಅದು ಬರುವ ತನಕ ಒಂದು ಲೋಟ ಚಹಾ ಕುಡಿಯಬಹುದು. ಹೊರಟುಬಿಟ್ಟ ಬಸ್ಸನ್ನೂ ಕೈ ತೋರಿಸಿ ನಿಲ್ಲಿಸಬಹುದು. ಹೀಗೆ ಕೈ ತೋರಿಸಿದರೆ ನಿಲ್ಲುವ ವಾಹನಗಳ ನಡುವೆಯೇ ಅರುವತ್ತು ವರ್ಷ ಬಾಳಿದ ತಾಯಿಯೊಬ್ಬಳು, 2022ರ ಮೇ ತಿಂಗಳ ಒಂದು ಮುಂಜಾವು, ಯಾರು ಕೈ ತೋರಿಸಿದರೂ ನಿಲ್ಲದ ವಾಹನವೊಂದನ್ನು ಹಿಡಿಯಲು ಒಬ್ಬಳೇ ಹೊರಡಬೇಕಾಗಿ ಬಂತು.

ಹಿಂದಿನ ರಾತ್ರಿ ಒಂಬತ್ತರ ಹೊತ್ತಿಗೆ ಪುಣೆಯಿಂದ ಅಳಿಯನ ಕರೆ ಬಂದಿತ್ತು. ಚೊಚ್ಚಲ ಬಸುರಿಯಾದ ಮಗಳಿಗೆ ಎಂಟು ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ರೂಢಿ. ಆದರೆ ದೂರದ ಪ್ರಯಾಣ ಕೂಡದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ, ಈ ಸಲ ತವರೇ ಮಗಳ ಬಳಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಮುಂದಿನ ತಿಂಗಳಿಗೆ ರೈಲಿನಲ್ಲಿ ಸ್ಥಳವನ್ನು ಕಾದಿರಿಸಿದ್ದೂ ಆಗಿತ್ತು. ನೋವು ರೈಲಿಗಾಗಿ ಕಾಯಲಿಲ್ಲ.

ಮನೆಯಲ್ಲಿ ಇನ್ನೊಂದು ಕಷ್ಟವಿತ್ತು. ಅದು ರೇಷ್ಮೆ ಸಾಕುವ ಮನೆ. ಹುಳು ನಾಲ್ಕನೆಯ ಜ್ವರ ಕಳೆದು ಎದ್ದಿತ್ತು. ರೇಷ್ಮೆಯ ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನ ಐದು ಪಾಲಿನಲ್ಲಿ ನಾಲ್ಕಕ್ಕೂ ಹೆಚ್ಚನ್ನು ಈ ಕೊನೆಯ ಏಳೆಂಟು ದಿನಗಳಲ್ಲಿಯೇ ತಿನ್ನುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆ ಹಿಡಿದಂತೆ ಕೇಳಿಸುತ್ತದೆ. ಈ ದಿನಗಳಲ್ಲಿ ಒಂದು ಹೊತ್ತಿನ ಸೊಪ್ಪು ತಪ್ಪಿದರೆ ಗೂಡು ತೆಳುವಾಗುತ್ತದೆ. ಗೂಡು ತೆಳುವಾದರೆ ರಾಮನಗರದ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಬೆಲೆ ಬಿದ್ದರೆ ಆ ವರುಷದ ಸಾಲ ಸಾಲವಾಗಿಯೇ ಉಳಿಯುತ್ತದೆ. ಆದಕಾರಣ ಯಜಮಾನ ಮನೆ ಬಿಡುವಂತಿರಲಿಲ್ಲ. ಸೊಪ್ಪು ಕೊಯ್ದು ತರಲು ಮಗನೂ ಬೇಕಾಗಿತ್ತು. ಆಕೆ ಒಬ್ಬಳೇ ಹೋಗಬೇಕು, ಮತ್ತು ನಾಳೆಯೇ ಹೋಗಬೇಕು. ಮಗ ತನ್ನ ಮೊಬೈಲಿನಲ್ಲಿಯೇ ಬೆಳಿಗ್ಗೆ ಎಂಟೂ ಇಪ್ಪತ್ತರ ವಿಮಾನಕ್ಕೆ ಟಿಕೆಟು ಮಾಡಿದ. ತಾಯಿ ಅಡಿಗೆಮನೆಯ ದೀಪ ಹಚ್ಚಿ ಬಾಣಂತಿ ಪುಡಿ, ತುಪ್ಪ, ಬೆಲ್ಲ, ಒಣಕೊಬ್ಬರಿ, ಹಳೆಯ ಮೆತ್ತನೆಯ ಸೀರೆಯ ತುಂಡುಗಳು, ಇವನ್ನೆಲ್ಲ ಜೋಡಿಸತೊಡಗಿದಳು. ಆ ರಾತ್ರಿ ಆ ಮನೆಯಲ್ಲಿ ಮಲಗಿದವರಿಲ್ಲ.

ಮೂರು ಗಂಟೆಗೆ ನೆರೆಮನೆಯವರ ಕಾರು ಹೊರಟಿತು. ಸೋಲೂರು, ನೆಲಮಂಗಲ, ದೊಡ್ಡಬಳ್ಳಾಪುರದ ಮೇಲೆ ಹಾದು ದೇವನಹಳ್ಳಿಯತ್ತ ಹೋಗುವ ದಾರಿಯಲ್ಲಿ ಬೆಂಗಳೂರನ್ನು ಹೊಗಬೇಕಾದ್ದಿಲ್ಲ. ದಾರಿಯುದ್ದಕ್ಕೂ ಮಗ ಪಾಠ ಹೇಳಿಕೊಟ್ಟ. “ಅವ್ವಾ, ಮೊದಲು ಬಾಗಿಲಲ್ಲಿ ಟಿಕೆಟು, ಆಧಾರು ತೋರಿಸು. ಆಮೇಲೆ ದೊಡ್ಡ ಚೀಲ ಕೊಟ್ಟು ಚೀಟಿ ತಗೋ. ಆಮೇಲೆ ತಪಾಸಣೆ. ಆಮೇಲೆ ಗೇಟು.” ತಾಯಿ ಆ ನಾಲ್ಕು ಮಾತುಗಳನ್ನು ಬೆರಳ ಗಿಣ್ಣುಗಳ ಮೇಲೆ ಎಣಿಸಿಕೊಂಡಳು. ಆಕೆ ಓದಿದ್ದು ಕನ್ನಡ ಶಾಲೆಯ ನಾಲ್ಕನೆಯ ತರಗತಿಯವರೆಗೆ. ಇಂಗ್ಲಿಷಿನ ಅಕ್ಷರ ಬಾರದು. ಆದರೆ ಅಂಕಿಗಳನ್ನು ಬಲ್ಲಳು. ಗೂಡಿನ ಮಾರುಕಟ್ಟೆಯಲ್ಲಿ ಲಾಟಿನ ಸಂಖ್ಯೆ ಓದಲು ಬಾರದವರು ಮೋಸಹೋಗುತ್ತಾರೆ.

ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಬಹುಕಾಲ ಬಂದಿಳಿಯುತ್ತಿದ್ದುದು ಎಚ್‌ಎಎಲ್ ನಿಲ್ದಾಣದಲ್ಲಿ. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಡನೆ ಆರಂಭಿಸಿದ ವಿಮಾನ ಕಾರ್ಖಾನೆಗೆ ಸೇರಿದ ನೆಲ ಅದು. ನಗರ ಬೆಳೆದಂತೆ ಆ ನಿಲ್ದಾಣ ಇಕ್ಕಟ್ಟಾಯಿತು. ದೇವನಹಳ್ಳಿಯ ಬಳಿ ಸುಮಾರು 4,000 ಎಕರೆ ಭೂಮಿಯಲ್ಲಿ ಹೊಸ ನಿಲ್ದಾಣ ಎದ್ದು, 2008ರ ಮೇ 24ರಂದು ತನ್ನ ಬಾಗಿಲನ್ನು ತೆರೆಯಿತು. 2013ರಲ್ಲಿ ಅದಕ್ಕೆ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಹೆಸರಿಟ್ಟರು. 2018-19ರ ಒಂದೇ ವರುಷದಲ್ಲಿ 3 ಕೋಟಿಗೂ ಹೆಚ್ಚು ಪ್ರಯಾಣಿಕರು ಅದರ ಮೂಲಕ ಹಾದುಹೋದರು. ಇಷ್ಟು ಜನಕ್ಕೂ ಆಗ ಇದ್ದುದು ಒಂದೇ ಟರ್ಮಿನಲ್. ದೆಹಲಿಗೆ ಹೋಗುವವರು, ದುಬೈಗೆ ಹೋಗುವವರು, ಹುಬ್ಬಳ್ಳಿಗೆ ಹೋಗುವವರು, ಎಲ್ಲರೂ ಒಂದೇ ಸೂರಿನಡಿ ಸೇರಬೇಕಾಗಿತ್ತು. ಎರಡನೆಯ ಟರ್ಮಿನಲ್‌ನಿಂದ ವಿಮಾನಗಳು ಹೊರಡತೊಡಗಿದ್ದು 2023ರ ಜನವರಿಯಲ್ಲಿ. ಒಂದೇ ಕಟ್ಟಡವಿದ್ದುದರಲ್ಲಿ ಒಂದು ಅನುಕೂಲವೂ ಇತ್ತೆನ್ನಬೇಕು: ತಪ್ಪು ಕಟ್ಟಡಕ್ಕೆ ಹೋಗುವ ಭಯವಿರಲಿಲ್ಲ. ಈಗ ಪ್ರಯಾಣಿಕರು ಮನೆ ಬಿಡುವ ಮೊದಲೇ ತಮ್ಮ ವಿಮಾನ ಯಾವ ಟರ್ಮಿನಲ್‌ನಿಂದ ಹೊರಡುತ್ತದೆಂದು ನೋಡಿಕೊಳ್ಳಬೇಕು.

ಐದು ಗಂಟೆ ದಾಟಿದ ಮೇಲೆ ಕಾರು ನಿಲ್ದಾಣವನ್ನು ಮುಟ್ಟಿತು. ಕೋಳಿ ಕೂಗುವ ಹೊತ್ತಿನಲ್ಲಿ ಅಷ್ಟು ಬೆಳಕನ್ನೂ ಅಷ್ಟು ಜನರನ್ನೂ ಆಕೆ ಮಾಗಡಿ ರಂಗನಾಥನ ತೇರಿನಲ್ಲಿಯೂ ಕಂಡಿರಲಿಲ್ಲ. ಫಲಕದ ಮೇಲೆ ಕನ್ನಡ ಅಕ್ಷರಗಳನ್ನು ಕೂಡಿಸಿ ಓದಿದಳು: ಕೆಂ-ಪೇ-ಗೌ-ಡ. “ನಮ್ಮ ಗೌಡರ ಹೆಸರೇ ಕಣೋ ಇದು!” ಎಂದಳು. ಇಡೀ ದಾರಿಯಲ್ಲಿ ಆಕೆ ನಕ್ಕಿದ್ದು ಅದೊಂದೇ ಸಲ.

ಬಾಗಿಲ ಬಳಿ ಸರತಿಯ ಸಾಲು ಹಾವಿನಂತೆ ಸುತ್ತಿಕೊಂಡಿತ್ತು. ಟಿಕೆಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಬಸ್ಸು ನಿಲ್ದಾಣದಲ್ಲಾದರೆ ಮಗ ಒಳಗೆ ಹತ್ತಿ, ಕಿಟಕಿಯ ಪಕ್ಕದ ಜಾಗಕ್ಕೆ ಟವಲು ಹಾಕಿ, ಕಂಡಕ್ಟರಿಗೆ ಒಂದು ಮಾತು ಹೇಳಿ ಇಳಿಯುತ್ತಿದ್ದ. ಇಲ್ಲಿ ಅವನ ನೆರವು ಕಬ್ಬಿಣದ ಕಂಬಿಯ ಈಚೆಗೇ ಮುಗಿಯಿತು. ಚೀಲವನ್ನು ತಳ್ಳುಗಾಡಿಯ ಮೇಲಿಟ್ಟು, “ಫೋನು ಕೈಲೇ ಇಟ್ಕೊಂಡಿರು, ಅವ್ವಾ” ಎಂದ. ಅವನ ದನಿ ಒಡೆಯಿತು. ಮುಖಕ್ಕೆ ಮಾಸ್ಕು ಇದ್ದುದರಿಂದ ತಾಯಿಗೆ ಅವನ ಕಣ್ಣು ಮಾತ್ರ ಕಂಡಿತು. “ನೀನು ಹೋಗು ಮಗಾ, ಬೆಳಗಿನ ಸೊಪ್ಪಿಗೆ ಹೊತ್ತಾಗುತ್ತೆ” ಎಂದು ಆಕೆ ಗಾಡಿಯನ್ನು ಮುಂದಕ್ಕೆ ತಳ್ಳಿದಳು.

ಬಾಗಿಲಲ್ಲಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಜವಾನನೊಬ್ಬ ನಿಂತಿದ್ದ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಭಾರತದ ವಿಮಾನವೊಂದನ್ನು ಅಪಹರಿಸಿ ಕಂದಹಾರಕ್ಕೆ ಒಯ್ದ ಮೇಲೆ, 2000ದಿಂದ ಮೊದಲ್ಗೊಂಡು ದೇಶದ ವಿಮಾನ ನಿಲ್ದಾಣಗಳ ಕಾವಲು ಒಂದೊಂದಾಗಿ ಈ ಪಡೆಗೆ ಬಂತು. ಜವಾನ ಟಿಕೆಟನ್ನು ನೋಡಿದ, ಆಧಾರನ್ನು ನೋಡಿದ, ಮತ್ತೆ ಟಿಕೆಟನ್ನು ನೋಡಿದ. ಮಗ ಅವಸರದಲ್ಲಿ ಮನೆಯಲ್ಲಿ ಕರೆಯುವಂತೆಯೇ ಹೆಸರು ಬರೆಸಿದ್ದ. ಆಧಾರಿನಲ್ಲಿ ಆ ಹೆಸರಿನ ಕೊನೆಗೆ ‘ಅಮ್ಮ’ ಎಂದಿತ್ತು. ಟಿಕೆಟಿನಲ್ಲಿರುವ ಹೆಸರೂ ಗುರುತಿನ ಚೀಟಿಯಲ್ಲಿರುವ ಹೆಸರೂ ಒಂದೇ ಆಗಿರಬೇಕೆಂಬುದು ವಿಮಾನಯಾನದ ಮೊದಲ ನಿಯಮ. ಜವಾನ ಹಿಂದಿಯಲ್ಲಿ ಏನನ್ನೋ ಕೇಳಿದ. ಆಕೆಗೆ ಅರ್ಥವಾಗಲಿಲ್ಲ. ಮಾಸ್ಕನ್ನು ಇಳಿಸುವಂತೆ ಸನ್ನೆ ಮಾಡಿದ, ಇಳಿಸಿದಳು. ಚಿತ್ರವನ್ನೂ ಮುಖವನ್ನೂ ಹೋಲಿಸಿ ನೋಡಿದ. ಹಿಂದೆ ಸಾಲು ಗೊಣಗತೊಡಗಿತು. ಆಕೆ ಇನ್ನೇನು ಹೇಳಬೇಕೆಂದು ತಿಳಿಯದೆ, “ಮಗಳಿಗೆ ಹೆರಿಗೆ ಕಣಪ್ಪಾ” ಎಂದು ಎರಡು ಕೈಗಳನ್ನೂ ಮಗುವನ್ನು ತೂಗುವಂತೆ ಆಡಿಸಿದಳು. ಜವಾನ ಕಾಗದಗಳನ್ನು ಹಿಂದಿರುಗಿಸಿ ಕೈಯಿಂದ ಒಳದಾರಿ ತೋರಿಸಿದ. ಸನ್ನೆಯನ್ನು ನೋಡಿ ಬಿಟ್ಟನೋ, ಭಾವಚಿತ್ರ ಸರಿಹೊಂದಿತೆಂದು ಬಿಟ್ಟನೋ, ಅವನೇ ಬಲ್ಲ.

ಕಿರುಬೆರಳಿನ ಮೊದಲ ಗಿಣ್ಣು ಮುಗಿಯಿತು. ಎರಡನೆಯದು ಚೀಲ ಕೊಡುವ ಕಟ್ಟೆ. ದೇಶದೊಳಗಿನ ಪ್ರಯಾಣದಲ್ಲಿ ಸಾಮಾನ್ಯವಾಗಿ 15 ಕಿಲೋ ತೂಕದ ಸಾಮಾನನ್ನು ವಿಮಾನದ ಹೊಟ್ಟೆಗೆ ಒಪ್ಪಿಸಬಹುದು. 7 ಕಿಲೋದಷ್ಟನ್ನು ಕೈಯಲ್ಲಿ ಒಯ್ಯಬಹುದು. ಚೀಲ ಹದಿನಾಲ್ಕೂವರೆ ತೂಗಿತು. ಕುದೂರಿನ ಅಂಗಡಿಯ ತಕ್ಕಡಿಯಲ್ಲಿ ರಾತ್ರಿಯೇ ಅದನ್ನು ತೂಗಿ ನೋಡಲಾಗಿತ್ತು. ಕಟ್ಟೆಯ ಹಿಂದಿದ್ದ ಹುಡುಗಿ ಚಿತ್ರಗಳಿದ್ದ ಒಂದು ಹಲಗೆಯನ್ನು ಮುಂದೆ ಸರಿಸಿ, “ಅಮ್ಮಾ, ಇದರಲ್ಲಿ ಯಾವುದಾದರೂ ಚೀಲದಲ್ಲಿದೆಯಾ? ಬೆಂಕಿಪೊಟ್ಟಣ, ಬ್ಯಾಟರಿ, ಒಣಕೊಬ್ಬರಿ?” ಎಂದು ಕೇಳಿದಳು. ತಾಯಿ ಬೆರಗಾದಳು. ಬೆಂಕಿಪೊಟ್ಟಣದ ಸಾಲಿನಲ್ಲಿ ಕೊಬ್ಬರಿಗೇನು ಕೆಲಸ?

ಕೆಲಸವಿದೆ. ಒಣಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಎಣ್ಣೆಯೇ. ಒತ್ತಾಗಿ ಕಟ್ಟಿಟ್ಟ ಕೊಬ್ಬರಿ ಗಾಳಿಯೊಡನೆ ಬೆರೆತು ತನ್ನಷ್ಟಕ್ಕೆ ತಾನೇ ಕಾಯಬಲ್ಲದು. ಕಾವು ಹೊರಗೆ ಹೋಗದಿದ್ದರೆ ಹೊತ್ತಿಕೊಳ್ಳಲೂಬಹುದು. ಹಡಗಿನವರಿಗೆ ಇದು ಹಿಂದಿನಿಂದ ಗೊತ್ತಿದ್ದ ವಿಷಯ. ಮುಗಿಲಿನ ನಡುವೆ, ಯಾರ ಕೈಗೂ ಎಟುಕದ ಸಾಮಾನಿನ ಕೋಣೆಯಲ್ಲಿ ಹೊಗೆಯೆದ್ದರೆ ಗತಿಯೇನು? ಆದ್ದರಿಂದ ವಿಮಾನಯಾನದ ನಿಯಮಗಳಲ್ಲಿ ಕೊಬ್ಬರಿ ಅಪಾಯದ ವಸ್ತುಗಳ ಪಟ್ಟಿಯಲ್ಲಿ ಸೇರಿದೆ.

ಇದ್ದುದನ್ನು ಇಲ್ಲವೆಂದು ಹೇಳಿ ಸಾಗಿಬಿಡಬಹುದಾಗಿತ್ತೇನೋ. ಆಕೆ ಚೀಲವನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ್ದ ಎಂಟು ಗಿಟುಕುಗಳನ್ನು ಹೊರತೆಗೆದಳು. ತಿಪಟೂರಿನ ಕಡೆಯ ನೆಂಟರು ಬಾಣಂತಿಗೆಂದೇ ಕಳುಹಿಸಿದ್ದ ಕೊಬ್ಬರಿ ಅದು. “ಹೊರಗೆ ಮಗನಿಗೆ ಕೊಟ್ಟು ಬರ್ಲಾ ತಾಯಿ?” ಎಂದಳು. ಹೊರಗೆ ಹೋದರೆ ಮತ್ತೆ ಸಾಲಿನ ತುದಿಗೆ ನಿಂತು ಬರಬೇಕಾಗುವುದೆಂದು ಹುಡುಗಿ ತಿಳಿಸಿದಳು. ಸಾಮಾನು ಕೊಡುವ ಕಟ್ಟೆ, ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತದೆ.

ಕಸದ ಡಬ್ಬಿಯ ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ನಿಂತಿದ್ದಳು. ತಾಯಿ ಗಂಟನ್ನು ಅವಳತ್ತ ಚಾಚಿ, “ಎತ್ಕೊಳ್ಳವ್ವಾ, ನಿನ್ನ ಮಕ್ಕಳಿಗೆ ಆಗುತ್ತೆ” ಎಂದಳು.

“ಬೇಡಕ್ಕಾ. ಪ್ರಯಾಣಿಕರ ಹತ್ರ ನಾವು ಏನೂ ಮುಟ್ಟಬಾರದು. ಕೆಲಸ ಹೋಗುತ್ತೆ.”

“ಹಂಗಾದ್ರೆ ಇದನ್ನ ಕಸಕ್ಕೆ ಹಾಕ್ಲಾ?”

ಅವಳು ಸುಮ್ಮನಿದ್ದಳು. ಅನ್ನದ ಅಗುಳು ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಕೈ, ಗಿಟುಕುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿತು. ಎಂಟನೆಯದನ್ನು ಹಾಕಿದ ಮೇಲೆ ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದು ಮಗುವಿಗೆ ಬೇಕಾಗುವ ಬಟ್ಟೆ.

ಆ ಹೆಂಗಸು ತಪಾಸಣೆಯ ದಾರಿಯವರೆಗೆ ಜೊತೆಯಲ್ಲಿ ಬಂದಳು. ಅವಳದು ನಿಲ್ದಾಣದ ಮಗ್ಗುಲಿನ ಹಳ್ಳಿ. “ನಮ್ಮ ಮಾವನವರ ರಾಗಿ ಹೊಲ ಇದೇ ಬಯಲಲ್ಲಿತ್ತಕ್ಕಾ. ಈಗ ಯಾವ ಕಂಬದ ಕೆಳಗಿದೆಯೋ ಹೇಳಕ್ಕಾಗಲ್ಲ” ಎಂದು, ದಿನವೂ ಹೇಳಿ ರೂಢಿಯಾದ ಮಾತಿನಂತೆ ಹೇಳಿದಳು. ಭೂಮಿಯ ಬೆಲೆ ಬಂದಿತ್ತು, ಮನೆ ಕಟ್ಟಿದ್ದಾಗಿತ್ತು, ಈಗ ತಿಂಗಳ ಸಂಬಳವಿತ್ತು. ಇದರಲ್ಲಿ ನಷ್ಟವೆಷ್ಟು, ಲಾಭವೆಷ್ಟು ಎಂದು ಲೆಕ್ಕ ಹಾಕಲು ಇಬ್ಬರಿಗೂ ಆಗ ಪುರಸೊತ್ತಿರಲಿಲ್ಲ. “ಹೆಂಗಸರ ಸಾಲು ಅದೇ. ಧೈರ್ಯವಾಗಿ ಹೋಗಕ್ಕಾ” ಎಂದು ಆಕೆಯ ಬೆನ್ನು ಸವರಿ ಅವಳು ತನ್ನ ಕೆಲಸಕ್ಕೆ ಮರಳಿದಳು.

ತಪಾಸಣೆಯ ಸ್ಥಳದಲ್ಲಿ ತಟ್ಟೆಗಳು ಉರುಳುಗಳ ಮೇಲೆ ಒಂದರ ಹಿಂದೊಂದು ಸಾಗುತ್ತಿದ್ದವು. ಜನ ತಮ್ಮ ಕೈಚೀಲ, ಫೋನು, ಸೊಂಟದ ಪಟ್ಟಿಗಳನ್ನು ಅವುಗಳಲ್ಲಿ ಹಾಕುತ್ತಿದ್ದರು. ಆಕೆಗೆ ಅದು ಹೊಸದೆನಿಸಲಿಲ್ಲ. ಹುಳುವಿನ ತಟ್ಟೆಗಳನ್ನು ಒಂದಕ್ಕೊಂದು ತಾಗದಂತೆ ಜರುಗಿಸಿ ಅಭ್ಯಾಸವಾದ ಕೈ. ತನ್ನ ಚೀಲವನ್ನೂ ಫೋನನ್ನೂ ಅಚ್ಚುಕಟ್ಟಾಗಿ ಇಟ್ಟು, ಮುಂದಿನ ತಟ್ಟೆಗೆ ಅಡ್ಡಿಯಾಗದಂತೆ ನೂಕಿದಳು. ಇಂಗ್ಲಿಷು ಬಲ್ಲ ಇಬ್ಬರು ಮಹನೀಯರು ಅಲ್ಲಿಯೇ ಮುಂದೆ, ಜೇಬಿನೊಳಗಿನ ಬೀಗದಕೈ ನೆನಪಾಗದೆ, ಯಂತ್ರದ ಚೌಕಟ್ಟಿನಲ್ಲಿ ಮೂರು ಸಲ ಹಿಂದೆ ಮುಂದೆ ನಡೆಯುತ್ತಿದ್ದರು.

ಹೆಂಗಸರನ್ನು ಪರದೆಯ ಮರೆಯಲ್ಲಿ ಹೆಂಗಸರೇ ಪರೀಕ್ಷಿಸುತ್ತಾರೆ. ಕೈಯಲ್ಲಿ ಹಿಡಿದ ಯಂತ್ರ ಆಕೆಯ ಕೊರಳ ಬಳಿ ಕೂಗಿತು. ಆಕೆ ಗಾಬರಿಯಿಂದ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಪರೀಕ್ಷಕಳು ತಲೆಯಾಡಿಸಿ ನಕ್ಕಳು. ಅವಳ ಕೊರಳಲ್ಲಿಯೂ ಕರಿಮಣಿಯಿತ್ತು. ಯಂತ್ರ ಮತ್ತೆ ಸೊಂಟದ ಬಳಿ ಕೂಗಿತು. ಅಲ್ಲಿದ್ದುದು ಎಲೆಅಡಿಕೆ ಸಂಚಿ, ಅದರೊಳಗೆ ಸುಣ್ಣದ ಡಬ್ಬಿ. ಡಬ್ಬಿಯನ್ನು ತೆರೆಸಿ, ಮೂಸಿ ನೋಡಿ, ಹಿಂದಕ್ಕೆ ಕೊಟ್ಟಳು. ಅಡಕತ್ತರಿಯನ್ನು ಮಗ ರಾತ್ರಿಯೇ ದೊಡ್ಡ ಚೀಲಕ್ಕೆ ಸೇರಿಸಿದ್ದು ಒಳ್ಳೆಯದಾಗಿತ್ತು. ಅಲಗುಳ್ಳ ಯಾವ ವಸ್ತುವನ್ನೂ ಕೈಚೀಲದಲ್ಲಿ ಬಿಡುವುದಿಲ್ಲ.

ಇನ್ನುಳಿದದ್ದು ಗೇಟು. ಚೀಟಿಯಲ್ಲಿ 15 ಎಂದು ಬರೆದಿತ್ತು. ಮಿಠಾಯಿ, ಅತ್ತರು, ಸೂಟುಕೇಸುಗಳ ಅಂಗಡಿಗಳ ನಡುವೆ ನಡೆದು ಆಕೆ 15ನ್ನು ಹುಡುಕಿಕೊಂಡಳು. ಒಂದು ಲೋಟ ಕಾಫಿಯ ಬೆಲೆಯನ್ನು ಕೇಳಿ, ಕೈಚೀಲದಲ್ಲಿದ್ದ ರಾಗಿರೊಟ್ಟಿಯನ್ನು ತಿಂದು, ನಲ್ಲಿಯ ನೀರು ಕುಡಿದಳು. ಏಳೂ ಕಾಲಿಗೆ ಮಗನ ಕರೆ ಬಂತು. ಅಕ್ಕನನ್ನು ಆಪರೇಷನ್ ಕೋಣೆಯೊಳಕ್ಕೆ ಕರೆದುಕೊಂಡು ಹೋದರಂತೆ. ಅಷ್ಟು ಹೇಳಿ ಅವನು ಸುಮ್ಮನಾದ. ಆಕೆಯೂ ಸುಮ್ಮನಾದಳು. ಸುತ್ತಲೂ ನೂರಾರು ಜನ ತಮ್ಮ ತಮ್ಮ ಫೋನುಗಳನ್ನು ನೋಡುತ್ತ ಕುಳಿತಿದ್ದರು. ಅತ್ತರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದೇ ಕಾರಣಕ್ಕೋ ಏನೋ, ಆಕೆಗೆ ಅಳು ಬರಲಿಲ್ಲ.

ರಾಮನಗರದ ಮಾರುಕಟ್ಟೆಯಲ್ಲಿ ಗೂಡನ್ನು ಸುರಿದ ಮೇಲೆ ರೈತರು ತಮ್ಮ ಲಾಟನ್ನು ಬಿಟ್ಟು ಕದಲುವುದಿಲ್ಲ. ಚೀಟಿಯ ಸಂಖ್ಯೆಯನ್ನೂ ಫಲಕದ ಸಂಖ್ಯೆಯನ್ನೂ ಆಗಾಗ ತಾಳೆ ನೋಡುವುದು ಅಲ್ಲಿನ ಅಭ್ಯಾಸ. ಆಕೆ ಇಲ್ಲಿಯೂ ಹಾಗೆಯೇ ಮಾಡಿದಳು. ಚೀಟಿಯಲ್ಲಿದ್ದ ವಿಮಾನದ ಸಂಖ್ಯೆಯ ಕೊನೆಯ ಮೂರು ಅಂಕಿ 4, 1, 8. ಬಾಗಿಲ ಮೇಲಿನ ಫಲಕದಲ್ಲಿಯೂ ಅವೇ ಇದ್ದವು. ಎರಡು ಸಲ ನೋಡಿದಾಗ ಇದ್ದವು. ಮೂರನೆಯ ಸಲ ನೋಡಿದಾಗ ಇರಲಿಲ್ಲ. ಅಂಕಿಗಳು ಬೇರೆಯಾಗಿದ್ದವು.

ಪಕ್ಕದಲ್ಲಿ ತರುಣನೊಬ್ಬ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದ. ಆಕೆ ಅವನ ತೋಳು ಮುಟ್ಟಿ ಚೀಟಿಯನ್ನು ಮುಂದೆ ಹಿಡಿದಳು. “ನೋಡಪ್ಪಾ, ಇದು ಅಲ್ಲಿಲ್ಲ.” ತರುಣ ಬೇಸರದಿಂದಲೇ ಕಣ್ಣು ತೆರೆದು ಚೀಟಿ ನೋಡಿದ, ಫಲಕ ನೋಡಿದ, ತನ್ನ ಫೋನು ನೋಡಿದ. ತಟ್ಟನೆ ಎದ್ದು ನಿಂತ.

“ಅಮ್ಮಾ, ಗೇಟು ಬದಲಾಗಿದೆ. ಈಗ 22! ನಾನೂ ಪುಣೆಗೇ.”

ಇಬ್ಬರೂ ಬಿರಬಿರನೆ ನಡೆದರು. ದೊಡ್ಡ ನಿಲ್ದಾಣಗಳಲ್ಲಿ ಗೇಟು ಬದಲಾಗುವುದು ಅಪರೂಪವಲ್ಲ. ತಡವಾಗಿ ಬಂದ ವಿಮಾನ ಬೇರೆ ಕಡೆ ನಿಂತರೆ, ಅದನ್ನು ಹತ್ತುವವರೂ ಆ ಕಡೆಗೇ ಹೋಗಬೇಕು. ಹೊರಡುವ ಸಮಯಕ್ಕೆ 20-25 ನಿಮಿಷ ಮುಂಚೆಯೇ ಗೇಟನ್ನು ಮುಚ್ಚಿಬಿಡುತ್ತಾರೆ. ಮುಚ್ಚಿದ ಮೇಲೆ ವಿಮಾನ ಕಣ್ಣೆದುರಿಗೇ ನಿಂತಿದ್ದರೂ ಹತ್ತಲಾಗದು. 22ರಲ್ಲಿ ಸಾಲು ಆಗಲೇ ಕರಗುತ್ತ ಬಂದಿತ್ತು. ಏದುಸಿರು ಬಿಡುತ್ತಿದ್ದ ತರುಣ ಆಕೆಯ ಕೈಚೀಲವನ್ನು ತಾನು ಹಿಡಿದುಕೊಂಡು, “ನೀವು ಎಬ್ಬಿಸದಿದ್ರೆ ನಾನು ಅಲ್ಲೇ ಉಳೀತಿದ್ದೆ, ಅಮ್ಮಾ” ಎಂದ. ಆಕೆಗೆ ಉತ್ತರಿಸುವಷ್ಟು ಉಸಿರಿರಲಿಲ್ಲ.

ವಿಮಾನದಲ್ಲಿ ಕಳೆದ ಒಂದೂವರೆ ಗಂಟೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕಿಟಕಿಯ ಪಕ್ಕದ ಜಾಗ ಸಿಕ್ಕಿದ್ದರೂ ಆಕೆ ಮೋಡಗಳನ್ನು ನೋಡಲಿಲ್ಲ. ಮಡಿಲಲ್ಲಿ ಆ ಬಟ್ಟೆಯ ತುಂಡನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಕುಳಿತಿದ್ದಳು. ಫೋನು ಮೌನವಾಗಿತ್ತು. ಭೂಮಿಯ ಮೇಲೆ ಏನಾಗುತ್ತಿದೆಯೆಂದು ತಿಳಿಯುವ ದಾರಿ ಅಲ್ಲಿರಲಿಲ್ಲ.

ಪುಣೆಯ ಲೋಹಗಾಂವ್ ನಿಲ್ದಾಣದಲ್ಲಿ ಇಳಿದ ಮೇಲೆ ತರುಣ ಆಕೆಯ ಫೋನಿನ ಗುಂಡಿ ಒತ್ತಿ ಅದಕ್ಕೆ ಮತ್ತೆ ಜೀವ ಬರಿಸಿದ. ಸಾಮಾನಿನ ಪಟ್ಟಿ ತಿರುಗುತ್ತಿದ್ದ ಸ್ಥಳಕ್ಕೆ ಬರುವಷ್ಟರಲ್ಲಿ ಅದು ಕೂಗಿತು.

“ಅವ್ವಾ, ಹೆಣ್ಣುಮಗು! ಅಕ್ಕ ಚೆನ್ನಾಗಿದ್ದಾಳೆ. ಮಗು ಒಂದಿಷ್ಟು ಸಣ್ಣದಂತೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.”

ಆಕೆ ಅಲ್ಲಿಯೇ ಗೋಡೆಗೆ ಒರಗಿ ನಿಂತಳು. “ಪೆಟ್ಟಿಗೇಲಿ ಯಾತಕ್ಕೆ ಮಗಾ?”

“ಬೆಚ್ಚಗಿರಲಿ ಅಂತ. ದಿನ ತುಂಬದೆ ಹುಟ್ಟಿದ್ದಲ್ವಾ.”

ಮೊಟ್ಟೆಯೊಡೆದ ಮರಿಹುಳುಗಳನ್ನು ಚಾಕಿ ಮನೆಯಲ್ಲಿ, ಕಾವು ತಪ್ಪದಂತೆ, ಗಾಳಿ ಸೋಕದಂತೆ, ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ ಬೆಳೆಸುವುದು ಆಕೆಗೆ ಮದುವೆಯಾದಂದಿನಿಂದ ಬಂದ ಕೆಲಸ. ಬೆಚ್ಚಗಿಡುವುದೆಂದರೇನೆಂದು ಆಕೆಗೆ ಯಾರೂ ವಿವರಿಸಬೇಕಾಗಿರಲಿಲ್ಲ. “ಸರಿ, ಇಡ್ಲಿ” ಎಂದಳು. ಸ್ವಲ್ಪ ತಡೆದು, “ಬೆಳಗಿನ ಸೊಪ್ಪು ಹಾಕಿದ್ರಾ?” ಎಂದು ಕೇಳಿದಳು.

“ಹಾಕಿದ್ವಿ ಅವ್ವಾ. ಅಪ್ಪ ಮಧ್ಯಾಹ್ನದ್ದಕ್ಕೆ ಕೊಯ್ಯೋಕೆ ಹೋಗಿದ್ದಾರೆ.”

ಪಟ್ಟಿಯ ಮೇಲೆ ಒಂದೇ ಬಗೆಯ ಕರಿಯ ಪೆಟ್ಟಿಗೆಗಳು ಸಾಲಾಗಿ ಬರುತ್ತಿದ್ದವು. ಅವುಗಳ ನಡುವೆ, ಹಿಡಿಕೆಗೆ ಹಳದಿ ದಾರ ಕಟ್ಟಿದ್ದ ಕುದೂರಿನ ಚೀಲ ಓಲಾಡುತ್ತ ಬಂತು. ತುಪ್ಪದ ಡಬ್ಬಿ ಸೋರಿರಲಿಲ್ಲ. ಆಕೆ ಚೀಲವನ್ನು ಎರಡು ಕೈಯಿಂದಲೂ ಎತ್ತಿಕೊಂಡು, ಅಳಿಯ ನಿಂತಿರಬೇಕಾದ ಬಾಗಿಲು ಯಾವುದೆಂದು ತರುಣನನ್ನು ಕೇಳಿದಳು.